ಮಂಗಳವಾರ, ಶುಕ್ರವಾರದ ಮಾತುಗಳು

೩೧ ಅಕ್ಟೋಬರ್ ೨೦೨೫, ಶುಕ್ರವಾರ

ಹುಬ್ಬಳ್ಳಿಯ ಪತ್ರಿಕೆಯ ಡೆಸ್ಕ್ ಬಿಟ್ಟು ಒಂಬತ್ತು ವರ್ಷವಾದ ಮೇಲೆ ಇಂದು ಒಬ್ಬರು ನನಗೆ ಗಡುವು ಕೊಟ್ಟಿದ್ದಾರೆ. ಹಾಗಾಗಿ ದಿನಚರಿಯನ್ನೂ ಮತ್ತೆ ಶುರು ಮಾಡಿದ್ದೇನೆ.

ಗಡುವು ಕೊಟ್ಟವರು ಶ್ರೀ ಫೌಸ್ಟಿನ್. ಮಂಗಳೂರು ಕಡೆಯವರು, ನಮ್ಮಂತೆಯೇ ಗಲ್ಫಿನ ಈ ಊರಿಗೆ ದುಡಿಯಲು ಬಂದವರು. ವಾದಿ ಕಬೀರ್‌ನ ಒಂದು ಅಂಗಡಿಯಲ್ಲಿ ಪ್ರೊಜೆಕ್ಟರ್, ಸ್ಪೀಕರ್ ರಿಪೇರಿ ಮಾಡುತ್ತಾರೆ. ಅಲ್ ಹೈಲ್‌ನಲ್ಲಿ ನಮ್ಮ ಕಟ್ಟಡದಿಂದ ಎರಡು ಕಟ್ಟಡ ಆಚೆ ಮನೆ. ಪತ್ನಿ ರೋಸಲಿಂಡ್ ನರ್ಸ್. ಅವರ ಹಾಲ್‌ನಲ್ಲಿ ತಿಂಗಳಿಗೊಮ್ಮೆ ಹದಿನೈದು ಕನ್ನಡದ ಮನೆಗಳವರು ಸೇರಿ ಹಳೆಯ ಸಿನಿಮಾ ನೋಡುತ್ತಾರೆ. ನವೆಂಬರ್ ೨೮ಕ್ಕೆ ಯುರೋಪಿನ ಒಂದು ಚಿತ್ರ. ಇಂಗ್ಲಿಷ್ ಅಡಿಬರಹ ಓದಲು ಹಿರಿಯರಿಗೆ ಕಷ್ಟ. ಕನ್ನಡದಲ್ಲಿ ನಾನು ಬರೆದುಕೊಡಬೇಕು, ಕಂಪ್ಯೂಟರಿನಲ್ಲಿ ಸಮಯ ಹೊಂದಿಸುವುದು ಅವರ ಕೆಲಸ.

ಚಿತ್ರದ ವಿವರ: ಅರವತ್ತು ವರ್ಷ ಹಳೆಯದು, ಕಪ್ಪು-ಬಿಳುಪು, ಒಂದು ಗಂಟೆ ಐವತ್ತೆರಡು ನಿಮಿಷ. ಬೆಟ್ಟದ ಮೇಲೆ ಕ್ರೈಸ್ತ ಸನ್ಯಾಸಿನಿಯರ ಮಠ. ಹಿರಿಯ ಸನ್ಯಾಸಿನಿಗೆ ದೆವ್ವ ಹಿಡಿದಿದೆ ಎಂದು ಸುದ್ದಿ. ಬಿಡಿಸಲು ಒಬ್ಬ ಪಾದ್ರಿ ಬರುತ್ತಾನೆ. ಅವಳಿಗೆ ಅವನ ಮೇಲೆ ಮನಸ್ಸಾಗುತ್ತದೆ. ಅವನಿಗೂ. ಇಬ್ಬರೂ ಅದನ್ನು ಒಪ್ಪುವುದಿಲ್ಲ. ಎಲ್ಲ ದೆವ್ವದ ಕೆಲಸ ಅನ್ನುತ್ತಾರೆ.

ಒಟ್ಟು ೬೧೨ ಅಡಿಬರಹ. ಒಂದಕ್ಕೆ ಎರಡೇ ಸಾಲು. ಫೌಸ್ಟಿನ್ ಅವರು ಮಂಗಳವಾರ ಸಂಜೆ, ಮತ್ತು ಇಲ್ಲಿ ರಜೆಯಾದ ಶುಕ್ರವಾರ ಮಧ್ಯಾಹ್ನ ಇಗರ್ಜಿಯ ಪೂಜೆ ಮುಗಿಸಿ ನಮ್ಮ ಮನೆಗೆ ಬರುತ್ತಾರೆ. ಮನೆಯಲ್ಲಿ ನನ್ನ ಜೊತೆ ಮೈದುನನ ಹೆಂಡತಿ ಶುಭಾ ಇರುವುದರಿಂದ ತೊಂದರೆಯಿಲ್ಲ ಎಂದು ನಮ್ಮ ಯಜಮಾನರು ಹೇಳಿದರು.

೪ ನವೆಂಬರ್, ಮಂಗಳವಾರ

ಎರಡು ವಿಷಯ.

ಒಂದು: ಮೊದಲ ೯೦ ಅಡಿಬರಹ ಮುಗಿದವು. ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಗಡಿಯಾರ ಹಿಡಿದು ನೋಡುತ್ತಾರೆ. "ನಿಮ್ಮ ಕನ್ನಡ ಕೇಳಿದರೆ ನಮ್ಮದು ಎಂತದು ಅಂತ ನಾಚಿಕೆ ಆಗ್ತದೆ ಮಾರಾಯ್ರೆ," ಅಂದರು. ಉತ್ಪ್ರೇಕ್ಷೆ.

ಎರಡು: ಅವರು ಹೋದ ಮೇಲೆ, ಇವರು ಪ್ಲಾಂಟಿನ ಕೆಲಸ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದಾಗ ಅಡುಗೆಮನೆಯಲ್ಲಿ ಶಬ್ದವಾಯಿತು. ಶುಭಾ ನೆಲದ ಮೇಲೆ ಕೂತಿದ್ದಳು. ಹಲ್ಲು ಕಚ್ಚಿತ್ತು, ಕೂದಲು ಬಿಚ್ಚಿತ್ತು, ಮೈ ತೂಗುತ್ತಿತ್ತು. ಇವರನ್ನು ನೋಡಿ, "ಏ ಶಂಕ್ರೆಪ್ಪಾ, ನಿನ್ನ ಮಗಳು ಪರೀಕ್ಷಾಕ್ಕ ಕುಂತೇ ಇಲ್ಲ. ಆಕಿನ್ನ ಕೇಳು," ಅಂದಳು.

ಭಾವನನ್ನು ಇದುವರೆಗೆ ತಲೆ ಎತ್ತಿ ನೋಡಿದವಳಲ್ಲ. ಇವರ ತಮ್ಮ ಶಿವಶರಣನ ಹೆಂಡತಿ, ನನ್ನ ನೆಗೆಣ್ಣಿ, ಇಪ್ಪತ್ತಾರು ವರ್ಷ. ಮದುವೆಯಾಗಿ ಎರಡು ವರ್ಷ. ಶಿವಶರಣ ಮರುಭೂಮಿಯ ತೈಲಬಾವಿಯ ಕ್ಯಾಂಪಿನಲ್ಲಿದ್ದಾನೆ, ಆರು ವಾರಕ್ಕೊಮ್ಮೆ ಎರಡು ವಾರ ಬರುತ್ತಾನೆ. ನಾಲ್ಕು ತಿಂಗಳಿಂದ ಅವಳು ನಮ್ಮ ಜೊತೆ.

ಮುಖಕ್ಕೆ ನೀರು ಹಾಕಿದೆ. ಕಾಲು ಗಂಟೆಯಲ್ಲಿ ಸರಿಹೋದಳು. ಏನೂ ನೆನಪಿಲ್ಲ ಅಂದಳು.

೫ ನವೆಂಬರ್, ಬುಧವಾರ

ಮಣಿಪಾಲಕ್ಕೆ ಫೋನ್ ಮಾಡಿದೆವು. ಮಗಳು ಅತ್ತಳು. ಪರೀಕ್ಷೆಗೆ ಕೂತಿಲ್ಲದ್ದು ನಿಜ. ಶುಭಾ ಮತ್ತು ಅವಳು ವಾಟ್ಸಾಪಿನಲ್ಲಿ ಮಾತಾಡುತ್ತಾರೆ, ಹಾಗೆ ಗೊತ್ತಾಗಿರಬೇಕು. ಪವಾಡವೇನಿಲ್ಲ.

ಇದನ್ನೇ ಇಳಕಲ್ಲಿಗೆ ಹೇಳಿದರೆ ಅತ್ತೆ ಹೊನ್ನವ್ವ ಒಪ್ಪಲಿಲ್ಲ.

"ಮಂಗಳವಾರ, ದೇವಿ ವಾರ ಬಂದೈತಿ, ಖರೆ ಹೇಳೈತಿ. ತಾಯಿ ಇರಬೇಕು. ಆದರ ಒಂದ ಸಲಕ್ಕ ಹೇಳಾಕ ಬರಂಗಿಲ್ಲ ನೀಲವ್ವ. ದೇವರು ಬಂದರ ಆಡಿದ್ದು ಖರೆ ಇರತೈತಿ. ದೆವ್ವ ಬಂದರ ಸುಳ್ಳು, ಹೊಲಸು. ಮೂರು ಸಲ ನೋಡೂಣು. ನೀ ಪೇಪರಿನ್ಯಾಗ ಇದ್ದಾಕಿ. ಏನೇನಂತು, ಒಂದಕ್ಷರ ಬಿಡದಂಗ ಬರದಿಟ್ಟು ನನಗ ಹೇಳು."

"ಅತ್ತಿ, ದೇವರೂ ಅಲ್ಲ ದೆವ್ವೂ ಅಲ್ಲ. ಡಾಕ್ಟರಿಗೆ ತೋರಸೂಣು."

"ತೋರಸು, ಯಾರ ಬ್ಯಾಡಂದ್ರು? ಬರಿಯೂದೂ ಬರಿ."

ದೇವರಾದರೆ ಕುಂಕುಮ ಹಚ್ಚಿ, ಏನು ಬೇಕು ಎಂದು ಕೇಳಿ ನಡೆಸಿಕೊಡುತ್ತಾರೆ. ದೆವ್ವವಾದರೆ ಊರಿಗೆ ಕರೆಸಿ, ಬಿಡಿಸುವವನ ಬಳಿ ಒಯ್ಯುತ್ತಾರೆ. ನಮ್ಮ ಕಡೆ ಮೂರನೆಯ ದಾರಿ ಇಲ್ಲ. ನಾನು ಎರಡನ್ನೂ ನಂಬುವುದಿಲ್ಲ. ವರದಿ ಮಾತ್ರ ಮಾಡುತ್ತೇನೆ.

೭ ನವೆಂಬರ್, ಶುಕ್ರವಾರ

ಎರಡನೆಯ ಸಲ. ಫೌಸ್ಟಿನ್ ಅವರು ಹೋಗಿ ಹತ್ತು ನಿಮಿಷಕ್ಕೆ. ಇವರು ಅತ್ತೆಗೆ ವಿಡಿಯೊ ಕಾಲ್ ಮಾಡಿ ಫೋನನ್ನು ಶುಭಾಳ ಮುಂದೆ ಹಿಡಿದರು. ಅವಳ ಮಾತು, ಬರೆದುಕೊಂಡಂತೆ:

"ಮಕ್ಕಳಾಗಲಿಲ್ಲಂತ ನನಗ ಯಾಕ ಕೇಳ್ತಿ ಮುದಕಿ? ನಿನ್ನ ಮಗನ್ನ ಕೇಳು. ಬರತಾನ, ಗ್ವಾಡಿ ಕಡೆ ಮಾರಿ ಮಾಡಿ ಮಲಗತಾನ. ನಾ ಕಟ್ಟಿಗಿ ಅಲ್ಲ."

ಇವರು ಫೋನ್ ಹಿಡಿದುಕೊಂಡೇ ಕಿಟಕಿಯ ಕಡೆ ನೋಡಿದರು. ಅತ್ತೆ ಫೋನ್ ಇಟ್ಟರು. ಸಂಜೆ ಶಿವಶರಣನನ್ನು ಕೇಳಿದರು. "ಸುಳ್ಳವ್ವಾ, ಹಂಗೇನಿಲ್ಲ," ಅಂದನಂತೆ. ಅಂದರೆ ಒಂದು ನಿಜ, ಒಂದು ವಿವಾದ. ತೀರ್ಮಾನ ಮೂರನೆಯದಕ್ಕೆ ಬಿಟ್ಟಿದೆ.

ಇಂದಿನ ಕೆಲಸ ೧೧೫ ಅಡಿಬರಹ. ಪಾದ್ರಿ ಸನ್ಯಾಸಿನಿಯ ಹಣೆಯ ಮೇಲೆ ಕೈ ಇಟ್ಟು ಮಂತ್ರ ಹೇಳುತ್ತಾನೆ. ಅವಳು ಅನ್ನುತ್ತಾಳೆ: "ನಿಮ್ಮ ಕೈ ತಣ್ಣಗಿದೆ. ಇನ್ನೂ ಸ್ವಲ್ಪ ಹೊತ್ತು ಇರಲಿ." ಓದುವಾಗ ನನ್ನ ದನಿ ಸರಿಯಾಗಿ ಬರಲಿಲ್ಲ, ಮೂರು ಸಲ ಓದಿದೆ. ಗಂಟಲು ಕೆಟ್ಟಿದೆ.

೮ ನವೆಂಬರ್, ಶನಿವಾರ

ರೋಸಲಿಂಡ್ ಬಂದಿದ್ದರು, ಬಿ.ಪಿ. ಮಷೀನು ಮತ್ತು ಒಂದು ಡಬ್ಬಿ ಪತ್ರೊಡೆಯೊಂದಿಗೆ. ಶುಭಾಳನ್ನು ಅರ್ಧ ಗಂಟೆ ಪರೀಕ್ಷಿಸಿದರು.

"ಇದು ಫಿಟ್ಸ್ ಅಲ್ಲ ನೀಲಕ್ಕ. ನಾಲಿಗೆ ಕಚ್ಚಿಕೊಂಡಿಲ್ಲ, ಕಣ್ಣು ಸರಿ ಉಂಟು. ಡಾಕ್ಟರಿಗೂ ತೋರಿಸುವ, ಹೆಸರು ನಾನು ಕೊಡ್ತೇನೆ. ಆದ್ರೆ ಮೊದಲು ಯಾರಾದ್ರೂ ಅವಳ ಹತ್ರ ಕೂತು ಮಾತಾಡ್ಬೇಕು. ನೀವೇ ಮಾತಾಡಿ."

"ಮಾತಾಡೂಣು. ಈ ಕೆಲಸ ಮುಗೀಲಿ."

"ಅಯ್ಯೋ ಆ ಕೆಲಸ! ನಮ್ಮವರು ಮನೆಯಲ್ಲಿ ಬರೀ ನಿಮ್ಮದೇ ಪುರಾಣ. ನೀಲಾ ಮೇಡಂ ಹೀಗೆ ಬರೆದ್ರು, ಹಾಗೆ ಬರೆದ್ರು. ಒಂದು ದಿವಸ ನಿಮ್ಮಲ್ಲೇ ಇಟ್ಟುಕೊಳ್ಳಿ ಅವರನ್ನು, ನಮಗೆ ಸ್ವಲ್ಪ ರೆಸ್ಟ್ ಆಗ್ತದೆ."

ಅವರು ನಕ್ಕರು, ನಾನೂ ನಕ್ಕೆ. ಪತ್ರೊಡೆ ಚೆನ್ನಾಗಿತ್ತು. ನನಗೆ ಇಳಿಯಲಿಲ್ಲ.

೧೧ ನವೆಂಬರ್, ಮಂಗಳವಾರ

ಫೌಸ್ಟಿನ್ ಮತ್ತು ನನ್ನ ನಡುವೆ ಮೊದಲ ಭಿನ್ನಾಭಿಪ್ರಾಯ.

ಸನ್ಯಾಸಿನಿಯ ಕೆಲವು ಮಾತುಗಳ ಮುಂದೆ ನಾನು "ದೆವ್ವ:" ಎಂದು ಸೇರಿಸಿದ್ದೆ. ಯಾರು ಹೇಳಿದ್ದು ಎಂದು ಓದುಗರಿಗೆ ತಿಳಿಯಬೇಕು. ಡೆಸ್ಕಿನಲ್ಲಿ ಹನ್ನೊಂದು ವರ್ಷ ಅದನ್ನೇ ಮಾಡಿದ್ದು.

"ಇದು ಮೂಲದಲ್ಲಿ ಇಲ್ಲ ಅಲ್ವಾ ಮೇಡಂ?"

"ಇಲ್ಲ. ಆದರೆ ಇಲ್ಲಿ ಮಾತಾಡೋದು ದೆವ್ವ ಅಲ್ಲವೇ?"

"ಹೇಗೆ ಹೇಳ್ತೀರಿ? ದನಿ ಬದಲಾಗಿಲ್ಲ. ಮುಖ ಬದಲಾಗಿಲ್ಲ. ಸಿನಿಮಾ ಮಾಡಿದವನಿಗೇ ಗೊತ್ತಿಲ್ಲದ್ದು ನಿಮಗೆ ಗೊತ್ತಾಯ್ತಾ ಮಾರಾಯ್ರೆ?"

"ಒಬ್ಬ ಸನ್ಯಾಸಿನಿ ಇಂಥ ಮಾತು ಆಡ್ತಾಳೆಯೇ?"

"ಆಡಿದ್ದಾಳಲ್ಲ! ಅದೇ ಅಲ್ವಾ ಕಥೆ?"

ಜನ ಗೊಂದಲಕ್ಕೆ ಬೀಳುತ್ತಾರೆ ಎಂದು ನಾನು ಬಿಟ್ಟುಕೊಡಲಿಲ್ಲ. ಅವರು ಕೈ ಎತ್ತಿದರು. "ಆಯ್ತು. ಎಡಿಟರ್ ನೀವು."

ಆರೂವರೆಗೆ ಹೋದರು. ನಾನು ಟೇಬಲ್ಲನ್ನು ಹಾಗೆಯೇ ಬಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಶುಭಾಗೆ ಇಂದು ಏನೂ ಆಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಏನು?" ಅಂದೆ. "ಏನಿಲ್ಲಕ್ಕಾ," ಅಂದಳು.

೧೪ ನವೆಂಬರ್, ಶುಕ್ರವಾರ

ಮೂರನೆಯ ಸಲ ಆಯಿತು. ಇವರು ಶಿಫ್ಟಿನಲ್ಲಿದ್ದರು. ನಾನೊಬ್ಬಳೇ ಕೇಳಿದ್ದು.

ನನ್ನ ಮತ್ತು ಫೌಸ್ಟಿನ್ ವಿಷಯ ಎತ್ತಿತು. ಬರೆಯುವಂಥದ್ದಲ್ಲ. ರಾತ್ರಿ ಇವರಿಗೆ, ಬಂದಿತ್ತು ಎಂದಷ್ಟೇ ಹೇಳಿದೆ.

೧೫ ನವೆಂಬರ್, ಶನಿವಾರ

ಬೆಳಗ್ಗೆ ಒಂಬತ್ತಕ್ಕೆ ಅತ್ತೆಯ ಫೋನ್. ಇವರು ಪಕ್ಕದಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದರು.

"ಬಂದಿತ್ತಂತಲ್ಲ. ಏನಂತು?"

"ಏನಿಲ್ಲ ಅತ್ತಿ. ಏನೇನೋ ಬಡಬಡಿಸ್ತು."

"ಏನೇನೋ ಅಂದ್ರ?"

"ನನ್ನ ಬಗ್ಗೆ. ಹೊಲಸ ಮಾತು."

"ಖರೆನೋ ಸುಳ್ಳೋ?"

"ಸುಳ್ಳು."

ಮೂರು ಸೆಕೆಂಡ್ ಸಹ ಯೋಚಿಸಲಿಲ್ಲ. ಇವರು ಚಮಚ ಕೆಳಗಿಟ್ಟು, "ಸಾಕವ್ವಾ, ಇನ್ನೇನ ಕೇಳ್ತಿ? ಎಂಥಾಕಿ ಮ್ಯಾಲ ಹೇಳೈತಿ ನೋಡು," ಅಂದರು. ನನ್ನ ಪರ ವಹಿಸಿ ಅಂದರು.

"ಹಂಗಾರ ದೆವ್ವನ," ಅಂದರು ಅತ್ತೆ. "ಮೊದಲನೇದ್ದು ಖರೆ ಹೇಳಿ ನಂಬಿಸೈತಿ. ಶಿವಶರಣನ ಮ್ಯಾಲ ಅಂದಿದ್ದೂ ಸುಳ್ಳ ಇದ್ದೀತು. ಕಳಸ್ರಿ ಆಕಿನ್ನ."

ಹತ್ತು ದಿನ ಕುಟುಂಬದಲ್ಲಿ ದೆವ್ವವಿಲ್ಲ ಎಂದು ವಾದಿಸುತ್ತಿದ್ದವಳು ನಾನೊಬ್ಬಳೇ. ಈಗ ಇದೆ ಎಂದು ಸಾಕ್ಷಿ ಹೇಳಿದವಳೂ ನಾನೇ.

೧೮ ನವೆಂಬರ್, ಮಂಗಳವಾರ

೨೭ರ ಗುರುವಾರಕ್ಕೆ ಟಿಕೆಟ್. ಹುಬ್ಬಳ್ಳಿಯಲ್ಲಿ ಮಾವನ ಕಡೆಯವರು ಕಾಯುತ್ತಾರೆ. ಅಲ್ಲಿಂದ ನೇರ ಬಿಡಿಸುವವನ ಹಳ್ಳಿಗೆ. ಒಂಬತ್ತು ದಿನ ಉಪವಾಸ, ಬೇವಿನ ಬರಲಿನ ಏಟು.

ಶುಭಾ ಬಟ್ಟೆ ಮಡಚುತ್ತಿದ್ದಾಳೆ. ಅಳುವುದಿಲ್ಲ, ಕೇಳುವುದಿಲ್ಲ.

ಫೌಸ್ಟಿನ್‌ಗೆ ಬರಬೇಡಿ, ಉಳಿದದ್ದನ್ನು ಈ-ಮೇಲ್‌ನಲ್ಲಿ ಕಳಿಸುತ್ತೇನೆ ಎಂದೆ. ಹುಷಾರಿಲ್ಲವೇ ಅಂದರು. ಹೌದು ಅಂದೆ.

ಮಧ್ಯಾಹ್ನದಿಂದ ಒಂದು ಹಳೆಯ ಸುದ್ದಿ ತಲೆಯಲ್ಲಿದೆ. ಡೆಸ್ಕಿಗೆ ಸೇರಿದ ಎರಡನೆಯ ವರ್ಷ ಬಂದದ್ದು. ದೆವ್ವ ಬಿಡಿಸುತ್ತೇನೆಂದು ಹೊಡೆದವನ ಏಟಿಗೆ ಒಬ್ಬಳು ಸತ್ತಿದ್ದಳು. ವಯಸ್ಸು ಇಪ್ಪತ್ನಾಲ್ಕು. ಜಾಗ ಕಡಿಮೆ ಇತ್ತು. ವರದಿಗಾರ ಅವಳು ಹಾಡುತ್ತಿದ್ದಳು ಎಂದು ಒಂದು ಸಾಲು ಬರೆದಿದ್ದ. ನಾನು ಅದನ್ನು ತೆಗೆದು ಆರು ಸಾಲಿಗೆ ಇಳಿಸಿದ್ದೆ.

೨೧ ನವೆಂಬರ್, ಶುಕ್ರವಾರ

ಬರೆಯುತ್ತೇನೆ. ಒಂದಕ್ಷರ ಬಿಡದಂತೆ.

೧೪ರಂದು ಸಂಜೆ ನಾಲ್ಕೂ ಇಪ್ಪತ್ತಕ್ಕೆ, ಅಡುಗೆಮನೆಯ ನೆಲದ ಮೇಲೆ ಕೂತು, ಶುಭಾ ನನಗೆ ಹೇಳಿದ್ದು: "ಗಂಡನ ಎಂಜಲ ಎಂದೂ ಉಂಡಾಕಿ ಅಲ್ಲ ನೀ. ಅದು ಹಳೇ ಕಾಲದ್ದು ಅಂತ ನನಗ ಬುದ್ಧಿ ಹೇಳಿದಿ. ಅಂವ ಕುಡಿದು ಬಿಟ್ಟ ಚಾ ನಿಂತು ಕುಡದಿ. ನಾ ನೋಡೀನಿ. ಅಂವ ಬರೂ ದಿನ ಮುಂಜಾನಿಂದ ನಿನ್ನ ಮಾರಿ ಬ್ಯಾರೆ ಇರತೈತಿ. ನಿನಗ ಬೇಕು, ನನಗೂ ಬೇಕು. ನನ್ನ ಯಾಕ ಕೂಡಸೀರಿ ಇಲ್ಲಿ?"

ಸಂಗತಿಗಳು: ಚಹಾ ಕುಡಿದದ್ದು ನಿಜ. ಒಂದು ಸಲ ಅಲ್ಲ. ೪ರಂದು, ೭ರಂದು, ೧೧ರಂದು. ೧೧ರಂದು ಚಹಾ ತಣ್ಣಗಾಗಿತ್ತು, ತಳದಲ್ಲಿ ಎರಡು ಗುಟುಕು. ಬಾಯಿ ಇಟ್ಟ ಕಡೆಯೇ ಬಾಯಿ ಇಟ್ಟೆ. ನನಗೆ ನಲವತ್ತೈದು ವರ್ಷ. ಇಪ್ಪತ್ತೊಂದು ವರ್ಷದ ಮಗಳಿದ್ದಾಳೆ. ಫೌಸ್ಟಿನ್ ಅವರಿಗೆ ಇದಾವುದೂ ಗೊತ್ತಿಲ್ಲ. ಅವರು ಕೆಲಸ ಮಾಡಿದರು, ಹೊಗಳಿದರು, ಚಹಾ ಕುಡಿದು ಮನೆಗೆ ಹೋದರು.

ಅವರ ಹೆಂಡತಿ ಕೊಟ್ಟ ಡಬ್ಬಿಯನ್ನು ತೊಳೆದು ಇನ್ನೂ ವಾಪಸು ಕೊಟ್ಟಿಲ್ಲ.

ಬರೆದದ್ದನ್ನು ಓದಿದರೆ ಕಿವಿ ಬಿಸಿಯಾಗುತ್ತದೆ. ಆದರೆ ಇದಕ್ಕಿಂತ ದೊಡ್ಡ ನಾಚಿಕೆ ಬೇರೆ. ಇದನ್ನು ಮುಚ್ಚಲು ಒಂದು ಹುಡುಗಿಯ ಬೆನ್ನನ್ನು ಬೇವಿನ ಬರಲಿಗೆ ಒಪ್ಪಿಸಿದೆ.

೨೩ ನವೆಂಬರ್, ಭಾನುವಾರ

ಶುಭಾ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ.

"ಶುಭಾ, ನಿನಗ ಎಲ್ಲಾ ನೆನಪೈತಿ, ಹೌದಲ್ಲ?"

ಹೆಚ್ಚಿದ ಚೂರುಗಳನ್ನು ಬದಿಗೆ ಸರಿಸಿ, "ಹೂಂ," ಅಂದಳು.

"ಹಂಗ್ಯಾಕ ಮಾಡಿದಿ?"

"ಸುಮ್ನ ಹೇಳಿದ್ರ ಯಾರ ಕೇಳ್ತಿದ್ರಿ? ನಿನಗ ಎರಡು ಸಲ ಹೇಳಾಕ ಬಂದೆ. ಟೈಮಿಲ್ಲ ಅಂದಿ." ಚಾಕು ನಿಲ್ಲಿಸಲಿಲ್ಲ. "ನೀವು ಓದೂದೆಲ್ಲಾ ಇಲ್ಲಿ ಕೇಳತಿತ್ತು. ಆ ಹೆಣ್ಮಗಳು ದೆವ್ವ ಬಂದೈತಂತ ಹೇಳಿ ಮನಸಿನಾಗಿದ್ದದ್ದು ಅಂತಿದ್ಳಲ್ಲ. ಎಲ್ಲಾರೂ ಕುಂತು ಕೇಳತಿದ್ರು. ಮೊದಲನೇ ದಿನ ಬೇಕಂತ ಮಾಡಿದೆ ಅಕ್ಕಾ. ಆಮ್ಯಾಲ ಖರೇನ ಕೈಕಾಲು ನಡಗಾಕ ಹತ್ತಿದ್ವು. ಬೇಕಂತೋ, ಬ್ಯಾಡಂತೋ, ನನಗೂ ತಿಳೀಲಿಲ್ಲ."

"ನನ್ನ ಮ್ಯಾಲ ಸಿಟ್ಟೇನು?"

"ನೀ ಸುಳ್ಳಂದಿ ಅಂತ ಭಾವ ಹೇಳಿದ್ರು. ಸಿಟ್ಟ ಬರಲಿಲ್ಲ. ಅಂಜಿಕಿ ಬಂತು. ಪೇಪರಿನ್ಯಾಗ ಇದ್ದಾಕೀನ ಹಂಗಂದ್ಲು ಅಂದ್ರ ಇನ್ನ ಯಾರ ನಂಬತಾರ?"

ಇಂದು ಸಂಜೆ ಅಡಿಬರಹದ ಕಡತ ತೆಗೆದು ಕೂತೆ. ಮೂವತ್ತೇಳು ಕಡೆ "ದೆವ್ವ:" ಇತ್ತು. ಎಲ್ಲವನ್ನೂ ಅಳಿಸಿ ಫೌಸ್ಟಿನ್‌ಗೆ ಕಳಿಸಿದೆ. ಮಾತು ಅವಳದೇ ಆಯಿತು.

೨೫ ನವೆಂಬರ್, ಮಂಗಳವಾರ

ಇವರು ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿದ್ದರು. ಅತ್ತೆಗೆ ವಿಡಿಯೊ ಕಾಲ್ ಮಾಡಿ ಅಂದೆ. ಫೋನ್ ಇವರೇ ಹಿಡಿದರು. ಶುಭಾಳನ್ನೂ ಕರೆದೆ.

"ಅತ್ತಿ, ಮೂರನೇ ಸಲ ಆಡಿದ್ದು ಸುಳ್ಳಲ್ಲ. ಖರೆ. ಸುಳ್ಳ ಹೇಳಿದ್ದು ನಾನು."

"ಏನಂತಿ?"

೧೪ರ ಮಾತನ್ನು ಬರೆದದ್ದು ಬರೆದಂತೆ ಹೇಳಿದೆ. ಎಂಜಲು ಎಂಬಲ್ಲಿಗೆ ಬಂದಾಗ ಇವರ ಕೈ ನಿಧಾನವಾಗಿ ಕೆಳಗಿಳಿಯಿತು. ಫೋನಿನಲ್ಲಿ ನಮ್ಮ ಚಪ್ಪಲಿ ಕಾಣುತ್ತಿರಬೇಕು. ನಾನು ನಿಲ್ಲಿಸಲಿಲ್ಲ, ತಾರೀಖುಗಳನ್ನೂ ಹೇಳಿದೆ.

"ಶಂಕ್ರಾ," ಅಂದರು ಅತ್ತೆ. "ಫೋನ್ ಸರಿ ಹಿಡಿ."

ಇವರು ಎತ್ತಿ ಹಿಡಿದರು. ನನ್ನ ಕಡೆ ನೋಡಲಿಲ್ಲ.

"ನೀಲವ್ವ, ನಿನ್ನ ವಿಚಾರ ಆಮ್ಯಾಲ. ಮೂರು ಸಲದಾಗ ಎರಡು ಖರೆ ಆದ್ವು. ನಡುವಿಂದಕ್ಕೂ ಈಗ ನನಗ ಅನುಮಾನಿಲ್ಲ, ಹಡದಾಕಿಗೆ ಮಗ ಗೊತ್ತಾಗತಾನ. ಟಿಕೀಟು ಹರದ ಒಗೀರಿ. ತಾಯಿ ಬಂದಾಳ ಮನಿಗೆ. ಕುಂಕುಮ ಹಚ್ಚಿ, ಕಾಲು ಮುಟ್ಟಿ, ಏನ್ ಬೇಕು ಕೇಳು."

ಟಿಕೆಟು ಫೋನಿನಲ್ಲಿದೆ, ಹರಿಯಲು ಬರುವುದಿಲ್ಲ ಎಂದು ಹೇಳಬೇಕೆನಿಸಿತು. ಅದು ದೇವರಲ್ಲ, ಇವಳಿಗೆ ಎಲ್ಲ ನೆನಪಿದೆ ಎಂದೂ ಹೇಳಬೇಕಿತ್ತು. ವರದಿ ಅರ್ಧ ಮಾಡಿದೆ. ಕುಂಕುಮ ತಂದೆ. ನನಗಿಂತ ಹತ್ತೊಂಬತ್ತು ವರ್ಷ ಚಿಕ್ಕವಳ ಕಾಲು ಮುಟ್ಟಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಏನ್ ಬೇಕು?" ಅಂದೆ.

ಮೈ ತೂಗಲಿಲ್ಲ, ಕೂದಲು ಬಿಚ್ಚಲಿಲ್ಲ. ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿದಳು.

"ಅವರು ಇಲ್ಲಿಗೆ ಬರಲಿ. ನನ್ನ ಮುಂದ ಕುಂತು ಮಾತಾಡಲಿ. ನನ್ನ ಜೋಡಿ ಬಾಳೂದು ಆಗತೈತೋ ಇಲ್ಲೋ, ಅದನ್ನ ಅವರ ಬಾಯಿಲೆ ಹೇಳಲಿ. ಆಗಂಗಿಲ್ಲ ಅಂದ್ರ ಯಾಕಂತ ಹೇಳಲಿ, ನಾ ಯಾರನ್ನೂ ಬಯ್ಯಂಗಿಲ್ಲ. ನಾ ಬಿ.ಎಡ್. ಮುಗಿಸೀನಿ, ನನ್ನ ದಾರಿ ನಾ ನೋಡ್ಕೋತೀನಿ. ಮಕ್ಕಳ ಮಾತು ಯಾರೂ ಎತ್ತಬಾರದು."

ಇಷ್ಟು ಉದ್ದದ ಮಾತನ್ನು ನಡುವೆ ಯಾರೂ ತಡೆಯದೆ ಅವಳು ಈ ಮನೆಯಲ್ಲಿ ಆಡಿದ್ದು ಇದೇ ಮೊದಲು.

"ತಾಯಿ ಕೇಳ್ಯಾಳ," ಅಂದರು ಅತ್ತೆ, ಪರದೆಯ ಮೇಲೆ ಕೈಮುಗಿದು. "ಶಿವಶರಣಗ ಫೋನ್ ಹಚ್ಚು ಶಂಕ್ರಾ. ನಾಳೇನ ಹೊರಡಲಿ."

ಕಾಲ್ ಮುಗಿದ ಮೇಲೆ ಇವರು ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಹೋದರು. ಸಂಜೆ ಬಂದು ಹಾಲ್‌ನಲ್ಲಿ ಚಾಪೆ ಹಾಸಿಕೊಂಡರು.

೨೮ ನವೆಂಬರ್, ಶುಕ್ರವಾರ

ಇಂದು ಚಿತ್ರ ಪ್ರದರ್ಶನ. ನಾನು ಹೋಗಲಿಲ್ಲ. ಮಧ್ಯಾಹ್ನ ರೋಸಲಿಂಡ್ ಫೋನ್ ಮಾಡಿ, "ಬರದಿದ್ರೆ ಹೇಗೆ ನೀಲಕ್ಕ? ಮುಂದಿನ ಸೀಟು ನಿಮಗೇ ಇಟ್ಟಿದ್ದೇವೆ. ಅವರು ಸ್ಪೀಚ್ ಕೂಡ ಬರೆದಿದ್ದಾರೆ, ನಿಮ್ಮ ಹೆಸರು ನಾಲ್ಕು ಸಲ ಉಂಟು," ಅಂದರು. ಮನೆಗೆ ಮೈದುನ ಬಂದಿದ್ದಾನೆ ಅಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಡುವ ಮೊದಲು ಅವರು ಶುಭಾ ಹೇಗಿದ್ದಾಳೆ ಎಂದು ಕೇಳಿದರು. ಅವರ ಒಳ್ಳೆಯತನ ತಡೆಯಲಾಗಲಿಲ್ಲ.

ಶಿವಶರಣ ನಿನ್ನೆ ಬಂದ. ಇಡೀ ದಿನ ಅಣ್ಣನ ಹಿಂದೆಯೇ ಸುತ್ತಿದ. ಇಂದು ನಾಲ್ಕು ಗಂಟೆಗೆ ಶುಭಾ ಎರಡು ಕುರ್ಚಿ ಎದುರುಬದುರು ಹಾಕಿ, "ಬರ್ರಿ," ಅಂದಳು. ಕೋಣೆಯ ಬಾಗಿಲು ಹಾಕಿದರು. ಮೊದಲು ಅವಳ ದನಿ, ಸಣ್ಣಗೆ, ಒಂದೇ ಸಮ. ಆಮೇಲೆ ಅವನದು. ಆಮೇಲೆ ಅವನು ಅಳುವ ಸದ್ದು. ನಾನು ಕೂತಿದ್ದ ಜಾಗದಿಂದ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು. ಎದ್ದು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡೆ.

ಇವರು ಅಲ್ಲಿದ್ದರು. ಮೂರು ದಿನದಿಂದ ಮಾತಿಲ್ಲ. ಕೆಳಗೆ ಪಾರ್ಕಿಂಗಿನಲ್ಲಿ ಚಿತ್ರ ನೋಡಲು ಬಂದ ಒಂದು ಕುಟುಂಬ ಕಾರಿನಿಂದ ಮಡಚುವ ಕುರ್ಚಿಗಳನ್ನು ಇಳಿಸುತ್ತಿತ್ತು.

"ಅಂವಗ ಗೊತ್ತೈತೇನು?" ಅಂದರು.

"ಇಲ್ಲ."

"ಆಕಿಗೆ? ಆ ನರ್ಸಮ್ಮಗ?"

"ಇಲ್ಲ. ನಮ್ಮ ಮನಿಯಾಗಷ್ಟ."

ಕುರ್ಚಿ ಹೊತ್ತವರು ಆಚೆ ಕಟ್ಟಡದ ಕಡೆ ಹೋಗುವುದನ್ನು ನೋಡಿದರು.

"ನೀ ಈ ತಿಂಗಳ ಭಾಳ ಖುಷಿಯಾಗಿದ್ದಿ," ಅಂದರು. "ನನಗೂ ಕಾಣತಿತ್ತು. ಮತ್ತ ಬರಿಯೂ ಕೆಲಸ ಸಿಕ್ಕೈತಿ, ಅದಕ್ಕ ಅಂತ ತಿಳಕೊಂಡಿದ್ದೆ. ಪ್ಲಾಂಟಿನ್ಯಾಗ ಎಲ್ಲಾರಿಗೂ ಹೇಳಿದೆ."